ಹಿಡಿಯಿರುವ ಕಡೆ

ಹಳೆಯ ಫೋಟೋ ನೋಡುವಾಗ ಮಹಾನಂದ ಮೊದಲು ಮುಖಗಳನ್ನು ಮುಚ್ಚುತ್ತಿದ್ದಳು. ಅದಕ್ಕೆಂದೇ ಒಂದು ರಟ್ಟಿನ ತುಂಡು ಇಟ್ಟುಕೊಂಡಿದ್ದಳು. ಮುಖ ನೋಡಿದರೆ ಕಣ್ಣು ಅಲ್ಲೇ ಕೂತುಬಿಡುತ್ತದೆ, ಪಕ್ಕದ ಹಾಡುವ ಯಂತ್ರ ಕಾಣುವುದಿಲ್ಲ ಎಂದು ಗಂಡ ಪಂಚಾಕ್ಷರಯ್ಯ ಕಲಿಸಿದ್ದ. ಅವನು ಆಸೆಪಟ್ಟು ಕೂಡಿಟ್ಟಿದ್ದ ಯಂತ್ರಗಳು ಅವನ ಕಾಯಿಲೆಯ ಕಾಲದಲ್ಲೇ ಚಾಮರಾಜಪೇಟೆಯ ಮನೆ ಬಿಟ್ಟು ಹೋಗಿದ್ದವು. ಅವನೂ ಹೋದ ಮೇಲೆ ಅವಳಿಗೆ ಉಳಿದದ್ದು ಗುರುತು ಹಿಡಿಯುವ ಚಟ ಒಂದೇ. ಯಾರದೋ ಮದುವೆಯ ಫೋಟೋದ ಮೂಲೆಯಲ್ಲಿ ಕಾಣುವ ಕಹಳೆ ಯಾವ ಕಾಲದ್ದು, ತಟ್ಟೆ ಹಾಡಿಸುವ ಗ್ರಾಮಫೋನೋ, ಅದಕ್ಕೂ ಹಿಂದಿನ, ಮೇಣದ ಉರುಳೆ ಹಾಡಿಸುವ ಫೋನೋಗ್ರಾಫೋ ಎಂದು ಜನ ವಾಟ್ಸಾಪಿನಲ್ಲಿ ಕೇಳುತ್ತಿದ್ದರು. ಅವಳು ಉತ್ತರ ಹೇಳಿ ಒಗ್ಗರಣೆಗೆ ಏಳುತ್ತಿದ್ದಳು.

ಮಾವಳ್ಳಿಯ ಬಿಂದುಶ್ರೀ ಕಳಿಸಿದ ಫೋಟೋಗೂ ಹಾಗೇ ಹೇಳಿಬಿಟ್ಟಳು. ಗಂಡನ ಮನೆಯ ಗ್ರಾಮಫೋನು ಎಲ್ಲಿ ಹೋಯಿತೋ ಗೊತ್ತಿಲ್ಲ, ಯಾವ ಕಂಪನಿಯದು ಎಂದು ಆ ಹುಡುಗಿ ಕೇಳಿದ್ದಳು. ಯಂತ್ರ ಮನೆಯದಲ್ಲ, ಸ್ಟುಡಿಯೋದವರು ಅಂದಕ್ಕೆ ಇಡುತ್ತಿದ್ದ ಫೋನೋಗ್ರಾಫು ಎಂದು ಮಹಾನಂದ ಧ್ವನಿಸಂದೇಶ ಕಳಿಸಿದಳು. ಅಷ್ಟಕ್ಕೇ ಬಿಡಬಹುದಿತ್ತು. ಕಂಡದ್ದನ್ನು ಹೇಳುವ ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದಳು. ಕೀ ಕೊಡುವ ಹಿಡಿ ಬಲಗಡೆ ಇರಬೇಕು, ಇಲ್ಲಿ ಎಡಗಡೆ ಇದೆ. ಅಂದರೆ ನೆಗೆಟಿವ್ ಇರುವ ಗಾಜಿನ ಪ್ಲೇಟನ್ನು ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದಾರೆ, ಇಡೀ ಫೋಟೋ ಎಡಬಲ ಅದಲುಬದಲಾಗಿದೆ.

ಮರುದಿನ ಬಿಂದುಶ್ರೀ ಫೋನು ಮಾಡಿದಳು. "ಆಂಟಿ, ಒಂದ್ಸಲ ಮನೆಗೆ ಬಂದ್ಬಿಡ್ತೀರಾ? ನಿಮ್ಮ ಮೆಸೇಜ್‌ನ ತಾತ ಕೇಳಿಸ್ಕೊಂಬಿಟ್ರು. ಆಗಿಂದ ಊಟಾನೇ ಮಾಡಿಲ್ಲ."

ತಾತನೆಂದರೆ ಅವಳ ಗಂಡ ಗೋಕುಲನ ತಾತ, ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ ಮಾಡಿ ಮುದುಕರಾದ ಮುನಿನಾರಾಯಣಪ್ಪ. ಮಹಾನಂದ ಹೋದಾಗ ಮನೆ ತೊಳೆದು ಇನ್ನೂ ಒದ್ದೆಯಾಗಿತ್ತು. ಮಾರನೆಯ ದಿನ ಹಿರಿಯರ ಹಬ್ಬ. ಎಡೆ ಇಡುವ ಗೋಡೆಯ ಮೇಲೆ ದೊಡ್ಡದು ಮಾಡಿಸಿದ ಒಬ್ಬ ಹೆಂಗಸಿನ ಫೋಟೋ, ಅದರ ಕೆಳಗೆ ಮಣೆ, ಮಣೆಯ ಮೇಲೆ ಹೊಸ ಸೀರೆ.

ಹೇಳಬೇಕಾದದ್ದನ್ನು ಬಿಂದುಶ್ರೀಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಫೋಟೋದಲ್ಲಿ ಫೋನೋಗ್ರಾಫಿನ ಪೆಟ್ಟಿಗೆಯ ಆಚೀಚೆ ನಿಂತವರು ತಾತನ ಅಪ್ಪನ ಇಬ್ಬರು ಹೆಂಡಿರು. ಹಿರಿಯಳು ದ್ಯಾವಮ್ಮ. ಮಕ್ಕಳಾಗಲಿಲ್ಲವೆಂದು ಅವಳನ್ನು ಮನೆಯಿಂದ ಆಚೆ ಹಾಕಿದರು, ಆಮೇಲೆ ಬಾವಿಗೆ ಬಿದ್ದಳು. ಕಿರಿಯಳು ಸಪ್ಪಲಮ್ಮ, ತಾತನ ತಾಯಿ, ಹಾಲು ಕುಡಿಯುವ ಮಗುವನ್ನು ಬಿಟ್ಟು ಸತ್ತಳು. ಮನೆಯಲ್ಲಿದ್ದ ಫೋಟೋ ಗೋಡೆ ಕುಸಿದಾಗ ಮಣ್ಣಾಗಿತ್ತು. ಪೆಟ್ಟಿಗೆಯ ಎಡಗಡೆ ನಿಂತವಳೇ ನಿಮ್ಮವ್ವ ಎಂದು ಅಪ್ಪ ಹೇಳುತ್ತಿದ್ದ ಮಾತನ್ನಷ್ಟೇ ಇಟ್ಟುಕೊಂಡು, ಅಪ್ಪ ಸತ್ತ ಮೇಲೆ ಮುನಿನಾರಾಯಣಪ್ಪ ಸ್ಟುಡಿಯೋಗೆ ಹೋಗಿ ಹಳೆಯ ಪ್ಲೇಟು ಹುಡುಕಿಸಿ ಪ್ರಿಂಟ್ ಹಾಕಿಸಿದರು. ಎಡಗಡೆಯವಳನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಅಂದಿನಿಂದ ಪ್ರತಿ ಹಬ್ಬಕ್ಕೂ ಸೀರೆ, ಎಡೆ ಅವಳಿಗೇ.

ಪ್ರಿಂಟ್ ಮಗುಚಿದ್ದರೆ ಗೋಡೆಯ ಮೇಲಿರುವವಳು ಸಪ್ಪಲಮ್ಮನಲ್ಲ, ದ್ಯಾವಮ್ಮ ಎಂದು ಮಹಾನಂದಳಿಗೆ ಆಗ ಹೊಳೆಯಿತು. ಅವಳು ಹಿಡಿಯನ್ನು ನೋಡಿದ್ದಳು. ಅದರ ಪಕ್ಕದಲ್ಲಿ ಯಾರು ನಿಂತಿದ್ದರೆಂದು ನೋಡಿರಲಿಲ್ಲ.

ಮುನಿನಾರಾಯಣಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಬೈಯಲಿಲ್ಲ, ಬನ್ನಿ ಕೂತ್ಕೊಳಿ ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತ ಕೇಳಿದರು.

"ಎಡಗಡೆ ಹಿಡಿ ಇರೋ ಪೆಟ್ಟಿಗೆ ಒಂದೂ ಇಲ್ವೇನವ್ವ? ಬೇರೆ ದೇಶದ್ದು, ಯಾವುದಾದ್ರೂ?"

ಇದೆ ಎಂದು ಒಂದು ಮಾತು ಹೇಳಿದರೆ ಸಾಕು, ಗೋಡೆಯ ಮೇಲಿದ್ದವಳು ಮತ್ತೆ ಇವರ ತಾಯಿಯಾಗುತ್ತಿದ್ದಳು, ನಾಳೆಯ ಎಡೆ ಎಂದಿನಂತೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತ ಬಿಂದುಶ್ರೀಯ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಮುದುಕರು ಕೇಳಿದ ರೀತಿಯಲ್ಲಿ, ಸುಳ್ಳು ಬಂದರೆ ಗುರುತಿಸುತ್ತೇನೆ ಎಂಬಂಥದ್ದೂ ಏನೋ ಇತ್ತು.

"ಬೇರೆ ಥರದ್ದು ಇರಬಹುದು ಅಪ್ಪಾಜಿ. ಈ ಮಾಡೆಲ್ ನಂಗೆ ಚೆನ್ನಾಗಿ ಗೊತ್ತು, ನಮ್ಮನೇಲೂ ಇತ್ತು. ಇದಕ್ಕೆ ಬಲಗಡೇನೇ."

ಅವರು ತಲೆಯಾಡಿಸಿದರು. "ಹಂಗಾದ್ರೆ ಇಷ್ಟು ವರ್ಷ ನಮ್ಮವ್ವ ಏನು ತಿಂದ್ಲು?" ಎಂದರು.

ಹಬ್ಬದ ಸಾಮಾನು ಹಿಡಿದು ಒಳಗೆ ಬಂದ ಗೋಕುಲ, ಮಾತಿನ ತುದಿ ಕೇಳಿಸಿಕೊಂಡು, ಫೋಟೋ ಇಳಿಸಲೆಂದು ಸ್ಟೂಲು ಎಳೆದ. ಸ್ಟೂಲಿನ ಸದ್ದಿಗೆ ಮುದುಕರು ತಿರುಗಿದರು.

"ಬಿಡೋ. ಒಂದ್ಸಲ ಆಚೆಗೆ ಹಾಕಿದ್ದೇ ಸಾಕು ಅವಳನ್ನ."

ಗೋಕುಲ ಸ್ಟೂಲನ್ನು ಅಲ್ಲೇ ಬಿಟ್ಟು ಹೆಂಡತಿಯ ಮುಖ ನೋಡಿದ. ಮುನಿನಾರಾಯಣಪ್ಪ ಮಡಿಲಲ್ಲಿದ್ದ ಚಿಕ್ಕ ಫೋಟೋವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಯಂತ್ರದ ಒಂದೊಂದು ಮೊಳೆಯೂ ನಿಚ್ಚಳವಾಗಿತ್ತು. ಎಡಗಡೆಯ ದ್ಯಾವಮ್ಮ ನೆಟ್ಟಗೆ ನೋಡುತ್ತಿದ್ದಳು. ಬಲಗಡೆಯವಳು ಮಾತ್ರ ಕ್ಯಾಮೆರಾ ತೆರೆದಿದ್ದಾಗ ತಲೆ ತಿರುಗಿಸಿದ್ದಳು. ಸೆರಗು, ಬಳೆ, ಸೊಂಟದ ಡಾಬು ಎಲ್ಲ ಇತ್ತು. ಮುಖದ ಜಾಗದಲ್ಲಿ ಒರೆಸಿದಂಥ ಬಿಳಿ.

ಅವರು ಫೋಟೋವನ್ನು ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ತೆಗೆದು ನೋಡಿದರು.

"ಇವಳು ಯಾಕೆ ಅಲ್ಲಾಡಿದ್ಲು?"

ಮಹಾನಂದ ತನಗೆ ಗೊತ್ತಿಲ್ಲ ಎಂದಳು. ಎದ್ದು ಹೋಗಲೂ ಆಗದೆ, ಅವರ ಪಕ್ಕದಲ್ಲಿ ಬಾಗಿ, ಆ ಬಿಳಿಯೊಳಗೆ ಒಂದು ಮೂಗಿನ ಗೆರೆಯಾದರೂ ಸಿಕ್ಕೀತೇ ಎಂದು ತಾನೂ ಹುಡುಕತೊಡಗಿದಳು.