ಪಾರ್ಕಿನ ದಾಸವಾಳ

ಈ ಕೊಲ್ಲಿ ದೇಶದಲ್ಲಿ ಅಲ್ ಮಬೇಲಾ ಬಡಾವಣೆಯ ಪಾರ್ಕನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮರಳಿನ ನಡುವೆ ಜನ ನಾಲ್ಕು ಹೂವು ನೋಡಲಿ ಎಂದೇ ನಮ್ಮ ಉದ್ಯಾನ ವಿಭಾಗ ಹುಟ್ಟಿದ್ದು. ಮೊದಮೊದಲು ಟ್ಯಾಂಕರಿನಲ್ಲಿ ನೀರು ತಂದು ಬೇಲಿಯ ದಾಸವಾಳವನ್ನು ಬದುಕಿಸಿದೆವು. ಪೈಪು ಬಂದದ್ದು ಆಮೇಲೆ. ಈಗ ಗಿಡದ ತುಂಬ ಹೂವು, ಆದರೆ ಬಿಸಿಲೇರುವಷ್ಟರಲ್ಲಿ ಒಂದೂ ಉಳಿಯುವುದಿಲ್ಲ. ಕೊಯ್ಯುವವರು ವಾಕಿಂಗಿಗೆ ಬರುವ ನಮ್ಮ ಮಂಗಳೂರು ಕಡೆಯವರೇ.

ಮೊನ್ನೆ ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಹಿಡಿದ ಹೆಂಗಸೊಬ್ಬರನ್ನು ತಡೆದರೆ, "ಮುಡಿಯಲಿಕ್ಕಲ್ಲ ಮಾರಾಯ್ರೆ, ದೇವರಿಗೆ" ಎಂದು ನನಗೇ ಬುದ್ಧಿ ಹೇಳಿದರು. ದೇವರೇನು ನೀರು ಹಾಕಿದ್ದನೇ?

ರೇಗಿಕೊಂಡೇ ಮನೆಗೆ ಬಂದರೆ ಗಣಪತಿಯ ಪಟದ ಮೇಲೆ ಕೆಂಪು ದಾಸವಾಳ. ಎಲ್ಲಿಯದೆಂದು ಹೆಂಡತಿಯನ್ನು ಕೇಳಿದೆ.

"ಬೇರೆಯವರದ್ದು ಕೊಯ್ಲಿಕ್ಕೆ ಆಗ್ತದಾ? ನಿಮ್ಮದೇ ಪಾರ್ಕಿನದ್ದು."