ಬೆಳ್ಳುಳ್ಳಿ ಹಾಕದ ಪಕ್ಕೆಲುಬು

ದನದ ಮಾಂಸ ತಿಂದಿದ್ದೇನೆ ಎಂದು ಬರೆಯುವ ಧೈರ್ಯ ನನಗೆ ಬಂದದ್ದು ಎಂಬತ್ತು ದಾಟಿದ ಮೇಲೆ. ತಿಂದದ್ದು ನನ್ನ ಹೊಟ್ಟೆ, ಅದಕ್ಕೆ ನಾನು ಜವಾಬ್ದಾರ, ಅದು ಹಾಗಿರಲಿ. ನಾನು ಒಪ್ಪಿಕೊಳ್ಳಬೇಕಾದದ್ದು ನನ್ನ ಅತ್ತೆಯವರ ಹೊಟ್ಟೆಯ ವಿಷಯ.

ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಲೇತ್ ಕೆಲಸ ಕಲಿತವನು ನಾನು. ಎಪ್ಪತ್ತರ ದಶಕದ ಶುರುವಿನಲ್ಲಿ ನ್ಯೂಜೆರ್ಸಿಯ ಒಂದು ಸಣ್ಣ ಮೆಷೀನ್ ಶಾಪಿಗೆ ಬಂದೆ. ಸುತ್ತಲಿನ ಕನ್ನಡದವರೆಲ್ಲ ಡಾಕ್ಟರು, ಇಂಜಿನಿಯರು. ಅವರ ಮನೆಯ ಊಟಗಳಲ್ಲಿ ಯಾರಾದರೂ "ತಾವು ಯಾವ ಯೂನಿವರ್ಸಿಟಿ?" ಎಂದರೆ ನಾನು ಬೋಂಡ ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಶಾಪಿನಲ್ಲಿ ನನ್ನ ಪಕ್ಕದವನು ಕೊರಿಯಾದ ಒಬ್ಬ ವೆಲ್ಡರ್. ಅವನ ಇಂಗ್ಲಿಷೂ ನನ್ನದರ ಹಾಗೇ ಇದ್ದದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಒಂದು ಮಧ್ಯಾಹ್ನ ಅವನು ತನ್ನ ಡಬ್ಬಿಯಿಂದ ಒಂದು ತುಂಡು ಕೊಟ್ಟ. ಕಪ್ಪಗೆ ಹೊಳೆಯುತ್ತಿತ್ತು, ಸಿಹಿಯಾಗಿತ್ತು, ಶುಂಠಿ ಮತ್ತು ಹೊಗೆಯ ಘಮ. ಗೊತ್ತಿಲ್ಲದೆ ತಿಂದೆ ಎಂದರೆ ಮೊದಲ ತುಂಡಿನ ಮಟ್ಟಿಗೆ ನಿಜ. ಎರಡನೆಯದಕ್ಕೆ ಮೊದಲು ಏನಿದು ಎಂದು ಕೇಳಿದೆ. ಅವನು ಎರಡು ಬೆರಳನ್ನು ತಲೆಯ ಮೇಲೆ ಕೊಂಬಿನ ಹಾಗೆ ಇಟ್ಟು ತೋರಿಸಿದ. ಎಮ್ಮೆ ಇರಬೇಕು ಎಂದುಕೊಂಡು ಮೂರನೆಯದನ್ನೂ ತಿಂದೆ. ನ್ಯೂಜೆರ್ಸಿಯಲ್ಲಿ ಎಮ್ಮೆ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅವನೇ ಗುರು, ನಾನು ಶಿಷ್ಯ. ದನದ ಪಕ್ಕೆಲುಬನ್ನು ಸೋಯಾ ಸಾಸ್, ಕಂದು ಸಕ್ಕರೆ, ಎಳ್ಳೆಣ್ಣೆ, ಅರೆದ ಶುಂಠಿ ಬೆಳ್ಳುಳ್ಳಿ, ತುರಿದ ಪೇರ್ ಹಣ್ಣು ಇಷ್ಟರಲ್ಲಿ ಒಂದು ದಿನ ನೆನೆಸಬೇಕು. ಆಮೇಲೆ ಆರು ಗಂಟೆ ಹೊಗೆಯಲ್ಲಿ ಇಡಬೇಕು. ಯಾರೋ ಎಸೆದಿದ್ದ ಹಳೆಯ ಫ್ರಿಜ್ಜನ್ನು ಇಬ್ಬರೂ ಸೇರಿ ಈಸ್ಟ್ ಬ್ರನ್ಸ್‌ವಿಕ್‌ನ ನನ್ನ ಬಾಡಿಗೆ ಮನೆಯ ಹಿತ್ತಲಿಗೆ ತಂದೆವು. ಒಳಗಿನ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತೆವು, ತಳದಲ್ಲಿ ಕೆಂಡಕ್ಕೊಂದು ತಗಡಿನ ಪೆಟ್ಟಿಗೆ, ನೆತ್ತಿಗೊಂದು ಹೊಗೆ ಕೊಳವೆ ಬೆಸೆದೆವು. ನೋಡಿದವರು ಫ್ರಿಜ್ಜಿಗೆ ಬೆಂಕಿ ಬಿದ್ದಿದೆ ಎಂದುಕೊಳ್ಳಬೇಕು, ಹಾಗಿತ್ತು.

ನನ್ನ ಹೆಂಡತಿ ಅದನ್ನು ನೋಡಿ, "ಏನ್ರೀ ಇದು?" ಎಂದಳು.

"ಬದನೆಕಾಯಿ ಸುಡೋಕೆ."

"ಬದನೆಕಾಯಿ ಸುಡೋಕೆ ಫ್ರಿಜ್ಜಾ?"

"ಎಲೆಕ್ಟ್ರಿಕ್ ಒಲೆ ಮೇಲೆ ಸುಟ್ಟರೆ ಆ ಹೊಗೆ ವಾಸನೆ ಎಲ್ಲಿ ಬರುತ್ತೆ? ನೀನೇ ಹೇಳಿದ್ದೆಯಲ್ಲ."

ಹಾಗೆ ಅವಳು ಹೇಳಿದ್ದಳು, ಪಾಪ. ಸುಳ್ಳು ಆಡಿದ ಮೇಲೆ ಅದನ್ನು ಸಾಕಬೇಕು. ಪ್ರತಿ ಶನಿವಾರ ಅವಳು ಅಂಗಡಿಯ ಕೆಲಸಕ್ಕೆ ಹೋದ ಮೇಲೆ ಫ್ರಿಜ್ಜಿನ ಮೇಲಿನ ತಂತಿ ತಟ್ಟೆಯಲ್ಲಿ ಪಕ್ಕೆಲುಬು, ಕೆಂಡಕ್ಕೆ ಹತ್ತಿರವಾಗಲಿ ಎಂದು ಕೆಳಗಿನದರಲ್ಲಿ ಬದನೆಕಾಯಿ. ಸಂಜೆ ನಾಲ್ಕಕ್ಕೆ ಪಕ್ಕೆಲುಬು ಕೊರಿಯಾದವನ ಕಾರಿಗೆ, ಬದನೆಕಾಯಿ ನಮ್ಮ ಅಡುಗೆಮನೆಗೆ. ನನ್ನ ಪಾಲನ್ನು ಅವನ ಗ್ಯಾರೇಜಿನಲ್ಲಿ ನಿಂತು ತಿಂದು, ಕೈ ತೊಳೆದು, ಏಲಕ್ಕಿ ಅಗಿದು ಬರುತ್ತಿದ್ದೆ.

ಹೀಗಿರುವಾಗ ಒಂದು ಬೇಸಿಗೆಗೆ ಅತ್ತೆಯವರು ಆರು ತಿಂಗಳಿಗೆಂದು ಬಂದರು. ವಿಧವೆ, ಮಡಿಯವರು, ಒಪ್ಪೊತ್ತು ಊಟ, ಅದೂ ಸಂಜೆ ಮಗಳು ಕೆಲಸದಿಂದ ಬಂದು ಬಡಿಸಿದ ಮೇಲೆ. ಈರುಳ್ಳಿ ಬೆಳ್ಳುಳ್ಳಿಯ ವಾಸನೆ ಎರಡು ಮನೆಯಾಚೆಯಿಂದ ಹಿಡಿಯುತ್ತಿದ್ದರು. ಅದಕ್ಕೆ ಹೆದರಿ ನಾನು ಪಕ್ಕೆಲುಬಿಗೆ ಬೆಳ್ಳುಳ್ಳಿ ಹಾಕುವುದನ್ನೇ ಬಿಟ್ಟೆ. ಬದಲಿಗೆ ಒಂದು ಚಿಟಿಕೆ ಇಂಗು. ದನದ ಮಾಂಸಕ್ಕೆ ಬೆಳ್ಳುಳ್ಳಿ ನಿಷಿದ್ಧ ಮಾಡಿದ ಆಚಾರವಂತ ಅಮೆರಿಕದಲ್ಲಿ ನಾನೊಬ್ಬನೇ ಇರಬೇಕು. ಕೊರಿಯಾದವನು ಮೂಸಿ ನೋಡಿ, "ಇದು ಔಷಧವಾ?" ಎಂದ. ಮುಂದಿನ ವಾರ, "ಆ ಔಷಧ ಹಾಕಿದ್ದೀಯಾ?" ಎಂದು ತಾನೇ ಕೇಳಿದ.

ಅತ್ತೆಯವರಿಗೆ ಇಲ್ಲಿನ ಯಾವುದೂ ಗಂಟಲಲ್ಲಿ ಇಳಿಯಲಿಲ್ಲ. ಹಾಲು ನೀರು, ತರಕಾರಿ ರಬ್ಬರು, ಅಕ್ಕಿ ಅಂಟು. ತಿಂಗಳಲ್ಲಿ ರವಿಕೆ ತೋಳು ಜೋಲಾಡತೊಡಗಿತು. ನನ್ನ ಹೆಂಡತಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಂಥದರಲ್ಲಿ ಒಂದು ಶನಿವಾರ ಆ ಬದನೆಕಾಯಿಯ ಗೊಜ್ಜು ಬಡಿಸಿದಳು. ಅತ್ತೆಯವರು ಒಂದು ತುತ್ತು ಕಲಸಿದರು, ಇನ್ನೊಂದು ಕಲಸಿದರು, ಆಮೇಲೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಳಿಯಂದಿರ ಕೈಯಲ್ಲಿ ಏನೋ ಇದೆ ಕಣೇ," ಎಂದರು.

ಕೈಯಲ್ಲಿ ಏನೂ ಇರಲಿಲ್ಲ. ಏನಿದೆ ಎಂದು ನನಗೆ ಹೊಳೆದದ್ದು ಮುಂದಿನ ವಾರ, ಫ್ರಿಜ್ಜಿನ ಬಾಗಿಲು ತೆಗೆದಾಗ. ಮೇಲಿನ ತಟ್ಟೆಯಿಂದ ಕೊಬ್ಬು ತೊಟತೊಟ ತೊಟ್ಟಿಕ್ಕಿ ಬದನೆಕಾಯಿಗಳು ಎಣ್ಣೆ ಹಚ್ಚಿಕೊಂಡ ಪೈಲ್ವಾನರ ಹಾಗೆ ಮಿನುಗುತ್ತಿದ್ದವು. ಇಷ್ಟು ದಿನ ಅದು ಬದನೆಕಾಯಿಯದೇ ರಸ ಎಂದುಕೊಂಡಿದ್ದೆ. ಅಥವಾ ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು.

ಆ ವಾರದ ಬದನೆಕಾಯಿಗಳನ್ನು ನಾಯಿ ಎಳೆದುಕೊಂಡು ಹೋಯಿತು ಎಂದು ಹೇಳಿ ಎಸೆದೆ. ಮುಂದಿನ ಶನಿವಾರ ಪಕ್ಕೆಲುಬಿಗೆ ರಜ ಕೊಟ್ಟು, ಫ್ರಿಜ್ಜನ್ನು ಸೋಪು ಹಾಕಿ ಉಜ್ಜಿ, ಬರೀ ಬದನೆಕಾಯಿ ಸುಟ್ಟೆ. ಅತ್ತೆಯವರು ಒಂದು ತುತ್ತು ತಿಂದು ಗೊಜ್ಜನ್ನು ತಟ್ಟೆಯ ಅಂಚಿಗೆ ಸರಿಸಿದರು.

"ಯಾಕೋ ಇವತ್ತು ಹದ ಬರಲಿಲ್ಲ."

ಅದರ ಮುಂದಿನ ವಾರ ತುಪ್ಪ ಸವರಿ ಸುಟ್ಟೆ. "ತುಪ್ಪ ಹಾಕಿದೀರಿ. ಒಳ್ಳೇದೇ. ಆದರೆ ಅದಲ್ಲ," ಎಂದು ಮಜ್ಜಿಗೆ ಕುಡಿದು ಎದ್ದರು. ಹೆಂಡತಿ ಮತ್ತೆ ನಲ್ಲಿ ಬಿಟ್ಟಳು.

ನನ್ನ ಪಾಪ ಇಲ್ಲಿದೆ. ಮೊದಲಿನದು ಅಜ್ಞಾನ ಎನ್ನಬಹುದು. ಆದರೆ ಅದರ ಮುಂದಿನ ಶನಿವಾರ ನಾನು ಎಲ್ಲ ಗೊತ್ತಿದ್ದೂ ಮೇಲಿನ ತಟ್ಟೆಗೆ ಪಕ್ಕೆಲುಬು, ಅದರ ನೇರ ಕೆಳಗೆ ಬದನೆಕಾಯಿ ಇಟ್ಟೆ. ಮುದುಕಿ ಎರಡು ತುತ್ತು ಹೆಚ್ಚು ಉಣ್ಣಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೊಗಳಿಕೆಯ ಆಸೆಯೂ ಇತ್ತು. ಆ ಊರಿನಲ್ಲಿ ನನ್ನನ್ನು ಹೊಗಳುತ್ತಿದ್ದವರು ಅವರೊಬ್ಬರೇ. ಆ ದಿನ ಅವರು ಮೂರು ಸಲ ಬಡಿಸಿಕೊಂಡರು. ಹೀಗೇ ಮತ್ತೆ ನಾಲ್ಕು ಶನಿವಾರ. ಕೆನ್ನೆ ತುಂಬಿಕೊಂಡಿತು.

ಗೋಕುಲಾಷ್ಟಮಿ ಹತ್ತಿರ ಬಂತು. ಹೆಂಡತಿ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಅತ್ತೆಯವರು ಅವರೆಕಾಳು ಆರಿಸುತ್ತಾ, "ಚಕ್ಕುಲಿ, ಉಂಡೆ ಹೇಗೂ ಇರುತ್ತೆ. ಈ ಸಲ ನಿಮ್ಮ ಗೊಜ್ಜನ್ನೂ ಕೃಷ್ಣನಿಗೆ ನೈವೇದ್ಯಕ್ಕೆ ಇಡೋಣ," ಎಂದರು.

ದನ ಕಾಯ್ದವನಿಗೆ! "ಬೇಡ ಅತ್ತೆ," ಎಂದೆ.

"ಯಾಕೆ?"

"ಬದನೆಕಾಯಿ ನಂಜು."

"ದೇವರಿಗೆಂಥ ನಂಜು?"

ನೆಲದ ಮೇಲೆ ಕೂತು ಹೇಳಿಬಿಟ್ಟೆ. ಡಬ್ಬಿಯ ಮೊದಲ ತುಂಡಿನಿಂದ ಹಿಡಿದು ಕೊಬ್ಬಿನವರೆಗೆ, ತುಪ್ಪದ ವಾರದ ಆಮೇಲಿನದನ್ನೂ ಬಿಡದೆ. ಅವರು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಮೊರ ಪೂರ್ತಿ ಆದ ಮೇಲೆ ಕೇಳಿದರು.

"ಬೆಳ್ಳುಳ್ಳಿ ಹಾಕಿದ್ದಿರಾ?"

"ಇಲ್ಲ ಅತ್ತೆ. ನಿಮಗೆ ಆಗೋದಿಲ್ಲ ಅಂತ."

ಮೊರ ಪಕ್ಕಕ್ಕಿಟ್ಟರು. "ಇಲ್ಲಿ ಹಸು ಎಲ್ಲಿದೆ?" ಎಂದರು.

"ಹಾಲು ಮನೆಯಲ್ಲೇ ಇದೆಯಲ್ಲ..."

"ಹಾಲಲ್ಲ ನಾನು ಕೇಳಿದ್ದು. ಹಸು. ಪಂಚಗವ್ಯ ಆಗಬೇಕು. ಮೂರು ಮನೆಯಲ್ಲಿದೆ, ಉಳಿದ ಎರಡು ಹಸುವಿನಿಂದಲೇ ಬರಬೇಕು."

ವೆಸ್ಟ್ ವಿಂಡ್ಸರ್ ಕಡೆ ಆಗ ಬರೀ ಹೊಲ, ಹುಲ್ಲುಗಾವಲು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲೊಂದು ಹೈನಿನ ಕೊಟ್ಟಿಗೆಗೆ ಹೋದೆ. ಒಂಬತ್ತು ಗಜದ ಸೀರೆಯವರನ್ನೂ, ನನ್ನ ಕೈಯಲ್ಲಿದ್ದ ಖಾಲಿ ಪೀನಟ್ ಬಟರ್ ಬಾಟಲಿಯನ್ನೂ ಒಡೆಯ ಸರದಿಯಲ್ಲಿ ನೋಡಿದ. ನಾನು ಬೇಕಾದದ್ದನ್ನು ಹೇಳಿದೆ. ಅವನು ಟೋಪಿ ಹಿಂದಕ್ಕೆ ಸರಿಸಿ, "ತೋಟಕ್ಕಾ?" ಎಂದ. ಹೂಂ ಎಂದೆ. ಆ ದಿನ ಇನ್ನೊಂದು ಸುಳ್ಳು. "ನಾನು ಮಾರೋದು ಹಾಲು. ಮಿಕ್ಕದ್ದು ಎಷ್ಟು ಬೇಕಾದರೂ ತಗೊಂಡು ಹೋಗಿ," ಎಂದ.

ಸಗಣಿ ಸುಲಭವಾಗಿ ಸಿಕ್ಕಿತು. ಇನ್ನೊಂದಕ್ಕಾಗಿ ಬಾಟಲಿ ಹಿಡಿದು ಅರ್ಧ ಗಂಟೆ ಒಂದು ಕಪ್ಪು ಬಿಳಿ ಹಸುವಿನ ಹಿಂದೆ ನಿಂತೆ. ಅತ್ತೆಯವರು ಅದರ ಬೆನ್ನು ಸವರುತ್ತಾ, "ಡುಬ್ಬವೇ ಇಲ್ಲವಲ್ಲ ಇದಕ್ಕೆ. ನಡೆಯುತ್ತೋ ಇಲ್ಲವೋ," ಎಂದು ಯೋಚಿಸಿದರು. ಆಮೇಲೆ ತಾವೇ, "ನಡೆಯುತ್ತೆ. ನೀವು ತಿಂದದ್ದೂ ಇದರ ಬಳಗವನ್ನೇ ತಾನೇ," ಎಂದರು.

ಮನೆಗೆ ಬಂದು ಸ್ನಾನ ಮಾಡಿ, ಐದನ್ನೂ ಬೆರೆಸಿ, ಮಂತ್ರ ಹೇಳಿ ಉದ್ಧರಣೆಯಲ್ಲಿ ಕುಡಿದರು. ಮುಖ ಸಿಂಡರಿಸಲಿಲ್ಲ. ಮತ್ತೊಮ್ಮೆ ತುಂಬಿಸಿ ಕುಡಿದರು.

"ಎರಡು ಸಲ ಯಾಕೆ ಅತ್ತೆ?"

"ಇದು ನನ್ನ ಮಗಳದ್ದು. ಅವಳೂ ತಿಂದಿದ್ದಾಳೆ. ಅವಳಿಗೆ ಹೇಳಬೇಡಿ, ಸಂಸಾರ ಒಡೆಯುತ್ತೆ." ಉಳಿದದ್ದನ್ನು ಪಾತ್ರೆಯ ಸಮೇತ ನನ್ನ ಮುಂದಿಟ್ಟರು. "ಇಷ್ಟೂ ನಿಮ್ಮದು."

ಕುಡಿದೆ. ರುಚಿಯ ಬಗ್ಗೆ ಬರೆಯುವುದಿಲ್ಲ.

ಫ್ರಿಜ್ಜನ್ನು ಕೊರಿಯಾದವನ ಮನೆಗೆ ಸಾಗಿಸಿದೆ. ಗೋಕುಲಾಷ್ಟಮಿಗೆ ಚಕ್ಕುಲಿ, ಉಂಡೆ ಮಾತ್ರ ಆಯಿತು. ಅದರ ಮುಂದಿನ ಶನಿವಾರ ಬದನೆಕಾಯಿ ತಂದವರು ಅತ್ತೆಯವರೇ. ಹೊಸ ತಗಡಿನ ಡಬ್ಬದಲ್ಲಿ ಕೆಂಡ ಮಾಡಿಸಿ, ತಾವೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನಿಂದ ಸುಡಿಸಿದರು.

ಊಟಕ್ಕೆ ಕೂತಾಗ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ನನ್ನ ಕೈಯಲ್ಲಿ ಸುಟ್ಟದ್ದನ್ನು ಅವರು ಮತ್ತೆ ಮುಟ್ಟುತ್ತಾರೋ ಇಲ್ಲವೋ ಎಂಬುದೊಂದೇ ನನಗೆ ಬೇಕಾಗಿತ್ತು. ಹೆಂಡತಿ ತಾನು ಮೊದಲು ರುಚಿ ನೋಡಿ, "ಏನ್ರೀ, ಮತ್ತೆ ಕೈ ಕೆಡಿಸಿಕೊಂಡಿರಲ್ಲ. ಸಪ್ಪೆ," ಎಂದಳು.

ಅತ್ತೆಯವರು ಅನ್ನಕ್ಕೆ ಗೊಜ್ಜು ಹಾಕಿ ಕಲಸಿದರು. ತಿಂದರು. ನಿಧಾನವಾಗಿ ಅಗಿದರು.

"ಸಪ್ಪೆ ನಿಜ," ಎಂದರು. "ಇನ್ನೊಂದು ಸೌಟು ಹಾಕಿ ಅಳಿಯಂದಿರೇ."