ನಾನೇ ತೋಡಿದ ಗುಂಡಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಿಗೆ ನಿವೃತ್ತಿಯಾದ ಮೇಲೆ ಒಂದು ರೋಗ ಅಂಟಿಕೊಳ್ಳುತ್ತದೆ. ತಿದ್ದಲು ಉತ್ತರಪತ್ರಿಕೆ ಇಲ್ಲದ್ದರಿಂದ ಕಂಡದ್ದನ್ನೆಲ್ಲ ತಿದ್ದಬೇಕೆನಿಸುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಬೀದಿಯ ಅಂಗಡಿ ಬೋರ್ಡುಗಳಲ್ಲಿ ಎಲ್ಲೆಲ್ಲಿ ಒತ್ತಕ್ಷರ ತಪ್ಪಿದೆ ಎಂಬುದು ನನಗೆ ಬಾಯಿಪಾಠ. ಮದುವೆ ಪತ್ರಿಕೆ ಕೊಡಲು ಬಂದವರಿಗೆ ಚಹಾ ಕೊಡುವ ಮೊದಲೇ ಅಲ್ಪಪ್ರಾಣ ಮಹಾಪ್ರಾಣದ ಪಾಠ ಮಾಡಿ ಕಳಿಸಿದ್ದೇನೆ. ಅವರಲ್ಲಿ ಎರಡನೇ ಸಲ ಬಂದವರು ಕಡಿಮೆ.

ಹೀಗಿರುವಾಗ ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಒಂದು ಉಚಿತ ತಂತ್ರಾಂಶವನ್ನು ಕನ್ನಡಕ್ಕೆ ತರುವ ಗುಂಪೊಂದು ನನ್ನನ್ನು ಸೇರಿಸಿಕೊಂಡಿತು. ಇಂಗ್ಲಿಷಿನಲ್ಲಿದ್ದ ಪ್ರತಿ ಗುಂಡಿಗೂ ಪ್ರತಿ ಸೂಚನೆಗೂ ಕನ್ನಡ ಮಾತು ಹುಡುಕಿ ಕೊಡುವ ಕೆಲಸ. ಕರೆಂಟು ಹೋಗಿ ಕಂಪ್ಯೂಟರು ಆರಿಬಿಟ್ಟರೂ ಈ ತಂತ್ರಾಂಶ ನಾವು ಬರೆಯುತ್ತಿದ್ದುದರ ಒಂದು ಪ್ರತಿಯನ್ನು ತಾನಾಗಿಯೇ ಎತ್ತಿಟ್ಟಿರುತ್ತದೆ. ಮತ್ತೆ ತೆರೆದಾಗ, ಅಂಥದ್ದೊಂದು ಇದೆ, ಬೇಕೋ ಬೇಡವೋ ಎಂದು ಕೇಳುತ್ತದೆ. ಆ ಕೇಳುವ ಮಾತು ನನ್ನ ಪಾಲಿಗೆ ಬಂತು.

ಅದಕ್ಕಾಗಿ ಮೂರು ದಿನ ಕೂತೆ. 'ನೀವು ಉಳಿಸದೆ ಹೋದದ್ದು' ಎಂದು ಸೀದಾ ಹೇಳಿಬಿಟ್ಟರೆ ಪಂಡಿತನ ಮರ್ಯಾದೆ ಏನಾಗಬೇಕು? 'ಅನುಳಿತ' ಎಂಬ ಪದವನ್ನು ಟಂಕಿಸಿದೆ. ಸೂಚನೆ ಹೀಗಾಯಿತು: 'ಅನುಳಿತ ಪ್ರತಿಯೊಂದು ಲಭ್ಯವಿದೆ.' ಕೆಳಗೆ ಎರಡು ಗುಂಡಿ. ಒಂದು 'ಮರುಪಡೆ', ಇನ್ನೊಂದು 'ಬಿಡು'. ಗುಂಪಿನಲ್ಲಿದ್ದ ಒಬ್ಬಳು ಹುಡುಗಿ, 'ಸರ್, ಎರಡನೆಯದನ್ನು ಒತ್ತಿದರೆ ಪ್ರತಿ ಪೂರ್ತಿ ಹೋಗಿಬಿಡುತ್ತದೆ. ಅಳಿಸಿಹಾಕು ಎಂದು ಹಾಕೋಣವೇ?' ಎಂದು ಕೇಳಿದಳು. ಎರಡಕ್ಷರದಲ್ಲಿ ಆಗುವ ಕೆಲಸಕ್ಕೆ ಐದಕ್ಷರ ಸುರಿಯುವುದು ಭಾಷೆಗೆ ಬಗೆಯುವ ದ್ರೋಹ ಎಂದು ನಾನು ಉತ್ತರ ಬರೆದೆ. ಆ ಉತ್ತರ ಒಂದೂವರೆ ಪುಟವಾಗಿತ್ತು. ಅವಳು 'ಆಗಲಿ ಸರ್' ಎಂದು ಸುಮ್ಮನಾದಳು.

ಸಿರುಗುಪ್ಪದಲ್ಲಿ ನನ್ನ ಅಕ್ಕ ಇದ್ದಾಳೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾವಿಬ್ಬರೂ ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಅವಳ ಶಾಲೆ ಏಳನೇ ತರಗತಿಗೆ ನಿಂತಿತು. ಆಮೇಲೆ ಸಿರುಗುಪ್ಪದ ಭತ್ತ ಬೆಳೆಯುವವರ ಮನೆಗೆ ಕೊಟ್ಟರು. ನಾನು ಲ್ಯಾಪ್‌ಟಾಪ್ ಕೊಂಡಾಗ ಹಳೆಯ ಕಂಪ್ಯೂಟರನ್ನೂ ಅದರ ಬ್ಯಾಟರಿ ಡಬ್ಬಿಯನ್ನೂ ಅವಳ ಮನೆಗೆ ಸಾಗಿಸಿ ಬಂದೆ. ಬರುವ ಮುಂಚೆ ಭಾಷಣವೂ ಆಯಿತು. 'ಅಕ್ಕಾ, ಇದರಾಗಿನ ಕನ್ನಡ ನಾನ ಮಾಡಿದ್ದು. ನೀ ಏನೂ ಚಿಂತಿ ಮಾಡಬ್ಯಾಡ, ಬರದದ್ದನ್ನ ಅದು ತಾನ ಉಳಿಸ್ಕೊಂತೈತಿ' ಎಂದೆ. ಅವಳು ಅದರಲ್ಲಿ ಏನು ಮಾಡಿಯಾಳು, ಹೆಚ್ಚೆಂದರೆ ಭಜನೆ ಹಾಡು ಕೇಳಿಯಾಳು ಎಂದು ನನ್ನ ಎಣಿಕೆಯಾಗಿತ್ತು.

ಒಂದೆರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

'ಲೇ ತಮ್ಮಾ, ನಾ ಬರದದ್ದೆಲ್ಲಾ ಹೋತು.'

'ಏನ್ ಬರದಿದ್ದಿ?'

'ನನ್ನ ಬಾಳೇವು. ಸಣ್ಣಾಕಿ ಇದ್ದಾಗಿಂದ ಇಲ್ಲೀತನಕ. ಇಪ್ಪತ್ತು ಪುಟ ಆಗಿತ್ತು.'

'ನನಗ ಯಾಕ ಹೇಳ್ಲಿಲ್ಲ?'

'ನೀ ತಿದ್ದತಿದ್ದಿ.'

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ. ಮುದುಕಿ ಏನೋ ಒತ್ತಿರಬೇಕು, ಹೋಗಿ ಎರಡು ನಿಮಿಷದಲ್ಲಿ ತೆಗೆದುಕೊಟ್ಟು ಬರೋಣ ಎಂಬ ಧಿಮಾಕಿನಲ್ಲೇ ಇದ್ದೆ. ಎಚ್ಚರಿಕೆಯಿಂದ ಓದಿ ಒತ್ತಬೇಕು ಎಂಬ ವಿಷಯದ ಮೇಲೆ ದಾರಿಯುದ್ದಕ್ಕೂ ಒಂದು ಉಪನ್ಯಾಸವನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ.

ಅಕ್ಕ ಕಂಪ್ಯೂಟರಿನ ಮುಂದೆ ಕೂತು ನಡೆದದ್ದನ್ನು ಹೇಳಿದಳು. ಆರಿಸಿದರೆ ಬರೆದದ್ದು ಹೋದೀತೆಂಬ ಅಂಜಿಕೆಗೆ ಅವಳು ಅದನ್ನು ಒಂದು ದಿನವೂ ಆರಿಸಿರಲಿಲ್ಲ. ಪರದೆಯನ್ನಷ್ಟೇ ಆರಿಸಿ, ಮೇಲೊಂದು ಹಳೇ ಸೀರೆ ತುಂಡು ಹೊದಿಸಿ ಇಡುತ್ತಿದ್ದಳು. ತಾನೇ ಉಳಿಸಿಕೊಳ್ಳುತ್ತದೆ ಎಂದು ನಾನು ಹೇಳಿದ್ದರಿಂದ 'ಉಳಿಸು' ಗುಂಡಿಯ ಗೊಡವೆಗೂ ಹೋಗಿರಲಿಲ್ಲ. ಮೊನ್ನೆ ಕರೆಂಟು ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಕೊಟ್ಟ ಬ್ಯಾಟರಿಯೂ ಸೋತು ಕಂಪ್ಯೂಟರು ಆರಿತು. ಕರೆಂಟು ಬಂದ ಮೇಲೆ ತೆರೆದಾಗ ಒಂದು ಚೌಕದಲ್ಲಿ ಅಕ್ಷರ ಮೂಡಿದವಂತೆ.

'ಅನುಳಿತ ಅಂದ್ರ ಏನೋ ಗೊತ್ತಾಗ್ಲಿಲ್ಲ. ಅನುಚಿತ ಅಂದಂಗಿತ್ತು. ನಾ ಬರದದ್ದು ಸರಿ ಇಲ್ಲ ಅಂತ ಹೇಳಾಕತ್ತೈತೇನೋ ಅಂದ್ಕೊಂಡೆ. ಕೆಳಗ ಮರುಪಡೆ ಅಂತಿತ್ತು. ಪಡೆ ಅಂದ್ರ ದಂಡಲ್ಲೇನು? ಇದ್ಯಾಕೋ ಬ್ಯಾಡಪ್ಪಾ ಅನಿಸ್ತು. ಬಾಜೂಕ ಬಿಡು ಅಂತಿತ್ತು. ಇರ್ಲಿ ಬಿಡು ಅಂತೀವಲ್ಲ, ಹಂಗ. ಇದ್ದದ್ದು ಇದ್ದಂಗ ಇರ್ಲಿ ಅಂತ ಅದನ್ನ ಒತ್ತಿದೆ.'

ಇದೇ ಜಿಲ್ಲೆಯಲ್ಲಿ ಹುಟ್ಟಿ, ಅದೇ ಅವ್ವನ ಬಾಯಿಂದ ಮಾತು ಕಲಿತವನು ನಾನು. ನಮ್ಮ ಮನೆಯಲ್ಲಿ 'ಇರ್ಲಿ ಬಿಡು' ಎಂದರೆ ಯಾವುದನ್ನೂ ಎಸೆಯಬೇಡ, ಇದ್ದಲ್ಲೇ ಇರಲಿ ಎಂದರ್ಥ. ಪಂಡಿತನಾದ ಭರದಲ್ಲಿ ಅಷ್ಟನ್ನು ಮರೆತಿದ್ದೆ. ಅಕ್ಕ ನನಗೆ ಒಂದು ಮಾತೂ ಅಂದಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, 'ವ್ಯಾಕರಣದ ಪ್ರಕಾರ ಬಿಡು ಅನ್ನೋದು ತಪ್ಪಲ್ಲ' ಎಂದೆ.

'ತಪ್ಪು ಅಂದೋರು ಯಾರೋ ಪಂತುಲೂ?' ಎಂದಳು ಅಕ್ಕ. ಪಂತುಲು ಎಂದರೆ ತೆಲುಗಿನಲ್ಲಿ ಮೇಷ್ಟ್ರು. ನನ್ನ ಮೇಲೆ ಸಿಟ್ಟು ಬಂದಾಗ ಅವಳು ತೆಲುಗಿಗೆ ಹೋಗುತ್ತಾಳೆ. 'ನೀ ಮಾಡಿದ ಕನ್ನಡ ಅಂದಿದ್ದಿ. ತಮ್ಮ ಇಟ್ಟ ಮಾತು, ಕೆಟ್ಟದ್ದು ಇರಾಕಿಲ್ಲ ಅಂತ ನಂಬಿದೆ.'

ಮಧ್ಯಾಹ್ನದವರೆಗೆ ಆ ಪೆಟ್ಟಿಗೆಯ ಮೂಲೆ ಮೂಲೆ ಜಾಲಾಡಿದೆ. ಕಸದ ಬುಟ್ಟಿ ನೋಡಿದೆ, ಅಡಗಿಸಿಟ್ಟ ಕಡತಗಳನ್ನು ನೋಡಿದೆ, ಗುಂಪಿನವರಿಗೆ ಫೋನು ಮಾಡಿ ಅವರು ಹೇಳಿದ್ದನ್ನೆಲ್ಲ ಮಾಡಿದೆ. ಏನೂ ಸಿಗಲಿಲ್ಲ.

ಅಲ್ಲೇ ಕೂತು ಯೋಚಿಸಿದೆ. ಬಸ್ಸಿನಲ್ಲಿ ಯಾರೋ ಚೀಲ ಮರೆತು ಇಳಿದರೆ ನಮ್ಮ ಕಡೆಯ ಕಂಡಕ್ಟರು ಏನು ಮಾಡುತ್ತಾನೆ? ಚೀಲ ಎತ್ತಿ ತೋರಿಸಿ, 'ಇದು ನಿಮ್ಮದೇನ್ರಿ? ಹಿಂದಿನ ಸೀಟಿನ ಬುಡಕಿತ್ತು, ಒಳಗ ರೊಟ್ಟಿ ಗಂಟು ಐತಿ ನೋಡ್ರಿ' ಎನ್ನುತ್ತಾನೆ. 'ಅನೊಯ್ದ ಚೀಲವೊಂದು ಲಭ್ಯವಿದೆ' ಎಂದು ಘೋಷಿಸಿ, ಯಜಮಾನರು ಬಾಯಿ ತೆರೆಯುವುದರೊಳಗೆ ಕಿಟಕಿಯಿಂದ ಆಚೆ ಒಗೆಯುವುದಿಲ್ಲ. ಕಂಪ್ಯೂಟರೂ ಅಷ್ಟು ಮಾಡಿದರೆ ಸಾಕು. ಯಾವಾಗ ಬರೆದದ್ದು ಎಂದು ಹೇಳಲಿ, ಮೊದಲ ನಾಲ್ಕು ಸಾಲು ತೋರಿಸಲಿ. ಕಣ್ಣಾರೆ ನೋಡುವ ತನಕ ಬೇಕೋ ಬೇಡವೋ ಎಂದು ಕೇಳದಿರಲಿ. ಬೇಡ ಎಂದಮೇಲೂ ಒಂದಷ್ಟು ದಿನ ಎಲ್ಲಾದರೂ ಇಟ್ಟಿರಲಿ, ಮನುಷ್ಯರ ಮನಸ್ಸು ಬದಲಾಗುತ್ತದೆ.

ಇದನ್ನೆಲ್ಲ ಗುಂಪಿಗೆ ಬರೆದೆ. ತಪ್ಪು ನನ್ನದೇ ಎಂದೂ ಬರೆದೆ. ಅದನ್ನು ಬರೆಯಲು ಒಂದೂವರೆ ಪುಟ ಬೇಕಾಗಲಿಲ್ಲ. ಆ ಹುಡುಗಿ 'ಬದಲಿಸೋಣ ಸರ್' ಎಂದಷ್ಟೇ ಉತ್ತರಿಸಿದಳು. 'ನಾನು ಆಗಲೇ ಹೇಳಿದ್ದೆ' ಎಂದು ಸೇರಿಸಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ಸೇರಿಸುತ್ತಿದ್ದೆ. ಈಗ ಅಲ್ಲಿ 'ಕರೆಂಟು ಹೋದಾಗ ನೀವು ಬರೆಯುತ್ತಿದ್ದದ್ದು ಇಲ್ಲಿದೆ' ಎಂದಿದೆ. ಗುಂಡಿಗಳ ಮೇಲೆ 'ತೆರೆದು ನೋಡಿ' ಎಂದೂ 'ಅಳಿಸಿಹಾಕು' ಎಂದೂ ಇದೆ.

ಸೂಚನೆಯೇನೋ ಸರಿಯಾಯಿತು, ಆದರೆ ಅಕ್ಕನ ಇಪ್ಪತ್ತು ಪುಟ ಹೋಗಿತ್ತು.

'ಮತ್ತ ಬರಿ ಅಕ್ಕಾ' ಎಂದೆ ಅವತ್ತು ಸಂಜೆ.

'ಒಂದ್ ಸಲ ಬರದದ್ದಾತು. ಇನ್ನ ನನ್ನ ಕೈಲಿ ಆಗಂಗಿಲ್ಲ.'

'ಹಂಗಾರ ನೀ ಹೇಳು, ನಾ ಬರೀತೀನಿ.'

'ತಿದ್ದಬಾರ್ದು' ಎಂದಳು. ಒಪ್ಪಿಕೊಂಡೆ.

ಅದು ಎಷ್ಟು ಕಷ್ಟದ ಕರಾರು ಎಂಬುದು ಮೊದಲ ಸಾಲಿಗೇ ತಿಳಿಯಿತು. 'ನಾವು ಕುರಗೋಡಾಗ ಇದ್ವಿ' ಎಂದಳು. ನನ್ನ ಬೆರಳುಗಳು ತಾವಾಗಿಯೇ 'ಕುರುಗೋಡಿನಲ್ಲಿ ಇದ್ದೆವು' ಎಂದು ಒತ್ತಿದವು. 'ನಾ ಹಂಗ ಅಂದ್ನೇನು?' ಎಂದು ಪರದೆಯ ಮೇಲೆ ಬೆರಳಿಟ್ಟಳು. ಅಳಿಸಿ ಅವಳು ಅಂದಂತೆಯೇ ಹಾಕಿದೆ. ಹೀಗೆ ಒಂದು ಪುಟ ಆಯಿತು. ನಡುವೆ ನಾಲ್ಕು ಸಲ ಬೈಸಿಕೊಂಡೆ.

ಆಮೇಲೆ ಶಾಲೆಯ ಮಾತು ಬಂತು. ಅಕ್ಕನಿಗೆ ಓದು ಹತ್ತಲಿಲ್ಲ, ತಾನೇ ಶಾಲೆ ಬೇಡವೆಂದಳು ಎಂಬುದು ನಮ್ಮ ಮನೆಯ ಕಥೆ. ಅವ್ವ ಅಪ್ಪ ಹಾಗೆಯೇ ಹೇಳುತ್ತಿದ್ದರು. ನಾಚಿಕೆಗೇಡು, ನಾನು ಅದನ್ನು ತರಗತಿಯಲ್ಲೂ ಹೇಳಿದ್ದೇನೆ. ಮನಸ್ಸಿಟ್ಟು ಓದದಿದ್ದರೆ ನನ್ನ ಅಕ್ಕನ ಹಾಗೆ ಏಳನೇ ತರಗತಿಗೇ ನಿಲ್ಲುತ್ತೀರಿ ಎಂದು ವರ್ಷ ವರ್ಷವೂ ಮಕ್ಕಳನ್ನು ಹೆದರಿಸಿದ್ದೇನೆ.

ಅಕ್ಕ ಕಿಟಕಿಯ ಕಡೆ ನೋಡುತ್ತ ಹೇಳಿದಳು: 'ನನಗ ಸಾಲಿ ಅಂದ್ರ ಪ್ರಾಣ. ತಮ್ಮನ್ನ ಬಳ್ಳಾರಿ ಸಾಲಿಗೆ ಹಾಕಬೇಕಂದ್ರು. ಅವ್ವನ ಜೋಡಿ ಹೊಲಕ್ಕ ಹೋಗಾಕ ಯಾರರ ಬೇಕಿತ್ತು. ನನ್ನ ಸಾಲಿ ಬಿಡಿಸಿದ್ರು. ಅವಗ ಗೊತ್ತಾದ್ರ ಅಳ್ತಾನ, ತಾನೂ ಹೋಗಂಗಿಲ್ಲ ಅಂತಾನ. ಆಕಿಗೆ ಸಾಲಿ ಸೇರಂಗಿಲ್ಲ ಅಂತ ಹೇಳ್ರಿ ಅಂತ ನಾನ ಅವ್ವಗ ಅಂದೆ.'

ನನ್ನ ಕೈ ನಿಂತಿತು.

'ಯಾಕ ನಿಂತಿ? ತಪ್ಪೈತೇನು?'

'ಇಲ್ಲಕ್ಕಾ.' ಅವಳು ಅಂದದ್ದನ್ನು ಅಂದಂತೆಯೇ ಒತ್ತಿ ಮುಗಿಸಿ ಕೇಳಿದೆ: 'ಹೋದ ಇಪ್ಪತ್ತು ಪುಟದಾಗೂ ಇದನ್ನ ಬರದಿದ್ದೇನು?'

'ಇಲ್ಲ. ಅದರಾಗ ನನಗ ಸಾಲಿ ಸೇರ್ತಿದ್ದಿಲ್ಲ ಅಂತನ ಬರದಿದ್ದೆ' ಎಂದಳು ಅಕ್ಕ. 'ಒಂದಲ್ಲ ಒಂದಿನ ನೀ ಓದ್ತೀಯಲ್ಲ, ಅದಕ್ಕ. ಈಗ ತಿದ್ದಂಗಿಲ್ಲ ಅಂತ ಒಪ್ಪೀಯಲ್ಲ, ಇದ್ದದ್ದು ಇದ್ದಂಗ ಹೇಳಿದೆ.'